ಆರನೇ ನಂಬರಿನ ಮುಖ

ಸತ್ತವರ ಕಣ್ಣು ತೆರೆಸುವುದು ನನ್ನ ಕಸುಬು. ಹೊರಗಿನವರು ಕೇಳಿದರೆ ಹೌಹಾರುತ್ತಾರೆ, ನಮ್ಮ ಕಡೆ ಅದೇನೂ ಹೊಸತಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸುತ್ತಾರೆ, ವಿಭೂತಿ ಹಚ್ಚಿ ಹೂವು ಹಾಕುತ್ತಾರೆ. ಆಮೇಲೆ ಯಾರಿಗೋ ನೆನಪಾಗುತ್ತದೆ, “ಅಯ್ಯ, ಮುತ್ಯಾಂದು ಒಂದು ಚಲೋ ಫೋಟೋನ ಇಲ್ಲಲ್ಲ!” ಆಗ ನನ್ನ ಸ್ಟುಡಿಯೋಕ್ಕೆ ಫೋನು. ನಾನು ಹೋಗಿ ಹೆಣದ ಫೋಟೋ ಹೊಡೆದು ತಂದು, ಕಂಪ್ಯೂಟರಿನಲ್ಲಿ ಮೂಗಿನ ಹತ್ತಿ ತೆಗೆದು, ಕಪ್ಪಿಟ್ಟ ತುಟಿಗೆ ಬಣ್ಣ ಕೊಟ್ಟು, ಮುಚ್ಚಿದ ಕಣ್ಣಿನ ಜಾಗಕ್ಕೆ ಮಗನದೋ ತಮ್ಮನದೋ ಕಣ್ಣು ಕೂರಿಸುತ್ತೇನೆ. ಅದಕ್ಕೇ ನಾನು ಯಾವಾಗಲೂ ಬದುಕಿದವರ ಫೋಟೋವನ್ನು ಮೊದಲು ತೆರೆಯುತ್ತೇನೆ, ಸತ್ತವರದು ಆಮೇಲೆ. ಮೂವತ್ತೊಂದು ವರ್ಷದಿಂದ ಕೈಗೆ ಕೂತ ಪದ್ಧತಿ. ಮುಖದಲ್ಲಿ ಕಲೆ, ಕುಳಿ, ಗಾಯ ಏನಿದ್ದರೂ ಒರೆಸಿಬಿಡುತ್ತೇನೆ. ಗೋಡೆಗೆ ತೂಗುವ ಫೋಟೋದಲ್ಲಿ ಗಾಯ ಯಾರಿಗೆ ಬೇಕು?

ಈ ಕೈಯನ್ನು ನಂಬಿಯೇ ಜಿಲ್ಲಾ ಆಸ್ಪತ್ರೆಯ ಡಾಕ್ಟರ್ ಕಮ್ಮಾರ ಮೇಡಂ ನನ್ನನ್ನು ಕರೆಸಿದ್ದು.

ಊರ ಹೊರಗಿನ ಕೂದಲು ಕಾರ್ಖಾನೆಗೆ ಬೆಂಕಿ ಬಿದ್ದು ಹತ್ತು ದಿನವಾಗಿತ್ತು. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲನ್ನು ತಂದು, ಬಿಡಿಸಿ, ಬಾಚಿ, ಬಣ್ಣ ತೆಗೆದು ಹೊರದೇಶಕ್ಕೆ ಕಳಿಸುವ ಕಾರ್ಖಾನೆ ಅದು. ಬಣ್ಣ ತೆಗೆಯುವ ಔಷಧದ ಪೀಪಾಯಿ ಹೊತ್ತಿಕೊಂಡಿತು. ಸತ್ತವರು ಹತ್ತೊಂಬತ್ತು ಜನ. ಹದಿಮೂರು ಜನರನ್ನು ಉಂಗುರ, ಕಾಲುಂಗುರ, ಚಪ್ಪಲಿಯಿಂದ ಗುರುತಿಸಿದರು. ಉಳಿದ ಆರು, ನಾಲ್ಕು ಗಂಡು ಎರಡು ಹೆಣ್ಣು, ಅವುಗಳಿಗೆ ಮುಖವೇ ಇರಲಿಲ್ಲ. ಎಲುಬು ಬೆಂದು ಹೋಗಿದೆ, ನಮ್ಮಿಂದಾಗದು ಎಂದು ಡಿಎನ್‌ಎ ಲ್ಯಾಬಿನವರು ಕೈಚೆಲ್ಲಿದ್ದರು. ಆ ಎರಡು ಹೆಣ್ಣುಗಳಲ್ಲಿ ಒಂದು ನನ್ನ ತಂಗಿ ನೀಲವ್ವನ ಮಗಳು ದಾಕ್ಷಾಯಣಿ. ಹತ್ತೊಂಬತ್ತು ವರ್ಷ. ಮಾಮಾ, ಮಾಮಾ ಎಂದು ನನ್ನ ಸ್ಟುಡಿಯೋದಲ್ಲೇ ಬೆಳೆದ ಹುಡುಗಿ. ಯಾವ ನಂಬರು ನಮ್ಮ ದಾಕ್ಷಿ, ಅದನ್ನು ಕಂಡುಹಿಡಿಯಬೇಕಿತ್ತು.

ಅದಕ್ಕೆ ‘ಚಹರೆ’ ಇತ್ತು. ನಾವು ದಿನವೂ ಬಳಸುವ ಫೋಟೋ ತಿದ್ದುವ ಸಾಫ್ಟ್‌ವೇರಿಗೇ ಸಿಕ್ಕಿಸುವ ಒಂದು ಪ್ಲಗಿನ್. ಸರ್ಕಾರ ಮೂರು ವರ್ಷದ ಹಿಂದೆ ಎಲ್ಲ ಜಿಲ್ಲೆಗಳಿಗೂ ಕೊಡಿಸಿತ್ತು. ತಲೆಬುರುಡೆಯ ಸ್ಕ್ಯಾನನ್ನು ಕೊಟ್ಟರೆ ಅದು ಎಲುಬಿನ ಏರುತಗ್ಗು ಅಳೆದು, ಎಲ್ಲೆಲ್ಲಿ ಎಷ್ಟು ಮಾಂಸ ಇದ್ದಿರಬೇಕು ಎಂದು ಲೆಕ್ಕ ಹಾಕಿ, ಹದಿನಾಲ್ಕು ನಿಮಿಷದಲ್ಲಿ ಮುಖ ಕಟ್ಟಿ ತೋರಿಸುತ್ತದೆ. ಎಲುಬು ಸಿಗದ ಕಡೆ ಬೂದು ಬಣ್ಣದ ತೇಪೆ ಬಿಡುತ್ತದೆ. ಕಡೆಯಲ್ಲಿ ಮನೆಯವರು ತಂದ ಫೋಟೋ ತೆರೆದು, ಮೈಬಣ್ಣ ಮತ್ತು ಕೂದಲಿಗಷ್ಟೇ ಅದನ್ನು ನೋಡಿಕೊಳ್ಳಬೇಕು. ಕೈಪಿಡಿಯಲ್ಲಿ ಹಾಗೇ ಬರೆದಿತ್ತು. ಕೈಪಿಡಿ ಯಾರು ಓದುತ್ತಾರೆ!

“ಮುರಿಗೆಪ್ಪನವರ, ನಿನ್ನಿಯಿಂದ ಎರಡ ಮುಖ ಆಗ್ಯಾವ ನೋಡ್ರಿ,” ಅಂದರು ಮೇಡಂ. “ಮೂರನೇದಕ್ಕ ಬಂದ್ ಬೀಳ್ತೈತಿ. ಮೆಮೊರಿ ಸಾಲೂದಿಲ್ಲ ಅಂತೈತಿ. ಹೊರಗ ಜನ ಬಾಗಲಾ ಬಡ್ಯಾಕತ್ತಾರ. ನಿಮ್ಮ ತಂಗೀನೂ ಅಲ್ಲೇ ಅದಾರಲ್ಲ? ಏನರ ಮಾಡ್ರಿ.”

ಕಂಪನಿಗೆ ಫೋನು ಹಚ್ಚಿದೆ. ಒಬ್ಬ ಹುಡುಗಿ ಸಕ್ಕರೆಯಂಥ ದನಿಯಲ್ಲಿ, “ಸರ್, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ,” ಅಂದಳು. ನಾಲ್ಕು ಸಲ ಮಾಡಿದ್ದೇನೆ ತಾಯಿ ಅಂದೆ. “ಬೇರೆ ಪ್ರೋಗ್ರಾಂ ಎಲ್ಲ ಕ್ಲೋಸ್ ಮಾಡಿ ಸರ್.” ಮಾಡಿದೆ. ಮೆಮೊರಿಯ ಪಾಲನ್ನು ಎಪ್ಪತ್ತರಿಂದ ತೊಂಬತ್ತಕ್ಕೆ ಏರಿಸಿದೆ. ಡಿಸ್ಕಿನಲ್ಲಿ ಜಾಗ ಮಾಡಿಕೊಟ್ಟೆ. ಬೇರೆ ಪ್ಲಗಿನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಬೇಡದ ಫಾಂಟು, ಬ್ರಷ್ಷು ಎಲ್ಲ ಅಳಿಸಿದೆ. ಅದೇ ಹಾಡು: ಮೆಮೊರಿ ಸಾಲುತ್ತಿಲ್ಲ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಕೀಬೋರ್ಡನ್ನು ಎತ್ತಿ ಮೇಜಿಗೆ ಕುಕ್ಕಿದೆ.

ಅದೇ ಹೊತ್ತಿಗೆ ಒಬ್ಬ ಮುದುಕ ಬಾಗಿಲ ಸಂದಿಯಲ್ಲಿ ತಲೆ ಹಾಕಿದ. ಹೆಸರು ದುರ್ಗಪ್ಪ, ಈಚಲ ಗರಿಯ ಕಸಬರಿಗೆ ಕಟ್ಟಿ ಮಾರುವವನು. ಅವನ ಮಗಳು ಹುಲಿಗೆವ್ವ ಅದೇ ಕಾರ್ಖಾನೆಯಲ್ಲಿ ಕೂದಲು ಬಾಚುತ್ತಿದ್ದಳು. ಕೈಯಲ್ಲಿ ಮಗಳ ಗುರುತಿನ ಕಾರ್ಡಿನ ಝೆರಾಕ್ಸ್ ಇತ್ತು. ಐದು ವರ್ಷದವಳಿದ್ದಾಗ ತೆಗೆದ ಫೋಟೋ, ಝೆರಾಕ್ಸಿನಲ್ಲಿ ಬರೀ ಕರಿ ಬೊಟ್ಟು.

“ಇದು ನಡಿಯೂದಿಲ್ಲ. ಬ್ಯಾರೆ ಫೋಟೋ ತಾ,” ಅಂದೆ.

“ಬ್ಯಾರೆ ಇಲ್ಲರೀ ಯಪ್ಪಾ. ಆಕಿ ಮಾರಿ ನನಗ ಗೊತ್ತೈತಲ್ಲರೀ.”

“ನಿನಗ ಗೊತ್ತಿದ್ರ ಕಂಪ್ಯೂಟರಿಗೆ ಹ್ಯಾಂಗ ಗೊತ್ತಾಕ್ಕೈತೋ ಮಾರಾಯಾ?”

“ಸಣ್ಣಾಕಿದ್ದಾಗ ಗರಿ ಕೊಯ್ಯಾಕ ಬಂದು ಕಲ್ಲಿನ ಮ್ಯಾಲ ಬಿದ್ದಿದ್ಳರಿ. ಎಡಗಡಿ ಹುಬ್ಬಿನ ಎಲಬು ತಗ್ಗ ಬಿದ್ದೈತಿ. ಬೆರಳಿಟ್ರ ಕೂಡತೈತಿ, ನೋಡ್ರಿ ಇಲ್ಲೆ,” ಎಂದು ತನ್ನ ಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದ.

ಆಯಿತು, ಹೊರಗೆ ಕೂಡು ಎಂದು ಬಾಗಿಲು ಹಾಕಿಕೊಂಡೆ. ಅವನ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಸೆಟ್ಟಿಂಗ್‌ಗಳ ಒಳಗೊಂದು ಸೆಟ್ಟಿಂಗಿನಲ್ಲಿ ಒಂದು ಸಾಲು ಸಿಕ್ಕಿತು: ‘ಪ್ರತಿ ಹಂತದ ನಂತರ ಹಳೆಯದನ್ನು ಖಾಲಿ ಮಾಡು’. ಪಕ್ಕದಲ್ಲಿ ಟಿಕ್. ಅಂದರೆ ಚಹರೆ ಒಂದೊಂದು ಹಂತ ಮುಗಿದೊಡನೆ ತಾನು ಹಿಡಿದಿದ್ದನ್ನೆಲ್ಲ ಖಾಲಿ ಮಾಡಿ, ಮತ್ತೆ ಹೊಸದಾಗಿ ಜಾಗ ಕೇಳುತ್ತಿತ್ತು. ಆಸ್ಪತ್ರೆಯ ಆ ಹಳೆ ಡಬ್ಬಿ ಕಂಪ್ಯೂಟರಿಗೆ ಎರಡು ಮುಖಕ್ಕೆ ಕೊಡುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ನಾನು ಟಿಕ್ ತೆಗೆದೆ. ನೋಡಿ, ಪಟಕ್ಕನೆ ಓಡತೊಡಗಿತು! ಇನ್ನೊಂದು ಖುಷಿಯ ಸಂಗತಿ, ಮೊದಲಿನ ಎರಡು ಮುಖಗಳಲ್ಲಿದ್ದ ಬೂದು ತೇಪೆಗಳೂ ಮಾಯ. ಅವೆರಡನ್ನೂ ಮತ್ತೆ ಮಾಡಿದೆ. ಒಂದೊಂದು ಮುಖವೂ ಪೂರ್ತಿ, ನುಣುಪು, ಸ್ಟುಡಿಯೋದಲ್ಲಿ ಕೂತು ತೆಗೆಸಿಕೊಂಡಂತೆ. ಮೇಡಂ ಕೈಮುಗಿದರು. ನಾನು ಕಾಲರು ಏರಿಸಿಕೊಂಡೆ, ಸುಳ್ಳೇಕೆ ಹೇಳಲಿ.

ಎತ್ತರದ ಅಂದಾಜಿನ ಮೇಲೆ ನಂಬರಿಗೊಂದು ಮನೆಯವರನ್ನು ಕರೆಯುತ್ತಾ ಹೋದೆ. ಮಧ್ಯಾಹ್ನದೊಳಗೆ ನಾಲ್ಕು ಗಂಡಸರನ್ನೂ ಅವರವರ ಮನೆಯವರು ಗುರುತಿಸಿ ಒಯ್ದರು. ಐದನೆಯದಕ್ಕೆ ನೀಲವ್ವನನ್ನು ಒಳಗೆ ಕರೆದೆ. ಪದ್ಧತಿಯಂತೆ ಮೊದಲು ದಾಕ್ಷಿಯ ಫೋಟೋ ತೆರೆದೆ. ಯುಗಾದಿಗೆ ನಾನೇ ತೆಗೆದದ್ದು, ಹಸಿರು ಲಂಗ ದಾವಣಿ. ಅವಳಿಗೆ ಒಂದು ಹಲ್ಲಿನ ಮೇಲೊಂದು ಹಲ್ಲು, ಅದಕ್ಕೇ ನಾಚಿಕೊಂಡು ಬಾಯಿ ಬಿಗಿಯಾಗಿ ಮುಚ್ಚಿದ್ದಳು. ಆಮೇಲೆ ಐದನೇ ನಂಬರಿನ ಸ್ಕ್ಯಾನು ಹಾಕಿದೆ. ಕೆಳದವಡೆ, ಎಡಗೆನ್ನೆ, ಮೇಲಿನ ಹಲ್ಲಿನ ಸಾಲು, ಏನೂ ಉಳಿದಿರಲಿಲ್ಲ. ಆದರೂ ಹದಿನಾಲ್ಕು ನಿಮಿಷಕ್ಕೆ ದಾಕ್ಷಿ ಬಂದಳು. ಅದೇ ಗದ್ದ, ಅದೇ ಕೆನ್ನೆ. ಎಡ ಹುಬ್ಬಿನ ಮೇಲೊಂದು ತಗ್ಗು ಮಾತ್ರ ವಿಚಿತ್ರವಾಗಿ ಕಾಣುತ್ತಿತ್ತು. ಸ್ಕ್ಯಾನಿನ ದೋಷ ಅಂದುಕೊಂಡು ಒರೆಸುವ ಬ್ರಷ್ಷಿನಿಂದ ಎರಡು ಸಲ ಎಳೆದು ಸಪಾಟು ಮಾಡಿದೆ. ಬೆರಳಿಗೆ ಅಭ್ಯಾಸವಾಗಿದೆ, ಯೋಚನೆಯೇ ಬೇಕಿಲ್ಲ.

ನೀಲವ್ವ ಪರದೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. “ನನ್ನವ್ವಾ... ಅಣ್ಣಾ, ಆಕಿ ಹಲ್ಲು?”

“ಬಾಯಿ ಮುಚ್ಚೇತಲ್ಲವಾ. ಹ್ಯಾಂಗ ಕಾಣ್ತೈತಿ?”

ಅವಳು ಸಹಿ ಹಾಕಿದಳು. ನಾನು ಅವಳ ಭುಜ ಹಿಡಿದುಕೊಂಡು ಮಗುವಿನಂತೆ ಅತ್ತೆ.

ಅತ್ತ ಕಣ್ಣಿನಲ್ಲೇ ಆರನೇ ನಂಬರು ಹಾಕಿದೆ. ಉಳಿದದ್ದು ಅದೊಂದೇ, ಹೊರಗೆ ಉಳಿದವನು ದುರ್ಗಪ್ಪನೊಬ್ಬನೇ. ಫೋಟೋ ಇಲ್ಲವಾದ್ದರಿಂದ ಬರೀ ಸ್ಕ್ಯಾನು. ಮುಖ ಮೂಡುತ್ತಾ ಬಂತು. ಅದೂ ದಾಕ್ಷಿಯಂತೆಯೇ ಇತ್ತು.

ಮುಚ್ಚಿ, ಮತ್ತೆ ತೆರೆದು ಓಡಿಸಿದೆ. ಮತ್ತೆ ದಾಕ್ಷಿ. ಹಿಂದಿನದೇನಾದರೂ ಒಳಗೆ ಉಳಿದುಕೊಂಡಿತೇ ಎಂಬ ಅನುಮಾನ ಒಂದು ಕ್ಷಣ ಬಂತು. ಬಂದದ್ದು ನಿಜ, ಇವತ್ತು ಮುಚ್ಚಿಡುವುದಿಲ್ಲ. ಆದರೆ ಐದು ಹೆಣ ಹಂಚಿಯಾಗಿತ್ತು. ನೀಲವ್ವ ಹೊರಗೆ ಗಾಡಿ ತರಿಸುತ್ತಿದ್ದಳು. ಈಗ ಬಾಯಿಬಿಟ್ಟರೆ ಆ ನಾಲ್ಕು ಮನೆಯವರೂ ತಿರುಗಿ ಬರುತ್ತಾರೆ, ನನ್ನ ಮಾನ ಹೋಗುತ್ತದೆ. ದುಃಖದಲ್ಲಿ ಎಲ್ಲ ಹುಡುಗಿಯರೂ ನಮ್ಮ ಹುಡುಗಿಯಂತೆಯೇ ಕಾಣುತ್ತಾರೆ ಬಿಡು ಎಂದು ಮನಸ್ಸಿಗೆ ಹೇಳಿಕೊಂಡೆ. ಆಮೇಲೆ ನನಗೆ ಗೊತ್ತಿದ್ದ ಕೆಲಸ ಮಾಡಿದೆ. ದುರ್ಗಪ್ಪನನ್ನು ಕರೆದು ಮೊಬೈಲಿನಲ್ಲಿ ಅವನದೊಂದು ಫೋಟೋ ಹೊಡೆದೆ. ಅವನ ಕಣ್ಣನ್ನೂ ಮೂಗನ್ನೂ ಆ ಮುಖಕ್ಕೆ ಕೂರಿಸಿದೆ, ಗದ್ದವನ್ನು ಸ್ವಲ್ಪ ಎಳೆದು ಉದ್ದ ಮಾಡಿದೆ. ಅಪ್ಪನ ಕಣ್ಣು ಮಗಳಿಗೆ. ಎಷ್ಟು ಸಾವಿರ ಸಲ ಮಾಡಿದ್ದೇನೋ.

ದುರ್ಗಪ್ಪ ಪರದೆಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದ.

“ಇವು ನನ್ನ ಕಣ್ಣ ಅದಾವರೀ,” ಅಂದ. “ಈಕಿ ನನ್ನ ಮಗಳಲ್ಲ.”

“ಲೆಕ್ಕಕ್ಕ ಇರೂದ ಆರು. ಐದು ಹೋದ್ವು. ಇದು ನಿಂದಲ್ದ ಮತ್ಯಾರದೋ? ಸಹಿ ಹಾಕಿ ಒಯ್ಯಿ, ಸುಮ್ನ ತಲಿ ತಿನ್ನಬ್ಯಾಡ.”

“ಇನ್ನೊಬ್ರ ಮಗಳನ್ನ ನಾ ಹ್ಯಾಂಗ ಒಯ್ಯಲ್ರೀ ಯಪ್ಪಾ? ಅವ್ರು ಹುಡುಕ್ಕೋಂತ ಬಂದ್ರ?”

ನಾನು ಬೈದೆ. ಹುಚ್ಚ ಮುದುಕ, ಮಗಳಿಗೆ ಮಣ್ಣು ಕೊಡುವ ಮನಸ್ಸಿಲ್ಲ ನಿನಗೆ ಎಂದೂ ಅಂದೆ. ಆ ಮಾತು ಈಗಲೂ ನನ್ನ ಬಾಯಲ್ಲಿ ಕಹಿಯಾಗಿ ಕೂತಿದೆ. ವಾರ ಕಾದು ಆರನೇ ನಂಬರನ್ನು ನಗರಸಭೆಯವರು ಅನಾಥ ಶವ ಎಂದು ಬರೆದು ಹೂಳಿದರು. ಮೇಲೊಂದು ತಗಡಿನ ಬೋರ್ಡು, ಅದರ ಮೇಲೆ 6 ಅಂತ.

ದುರ್ಗಪ್ಪ ಊರಿಗೆ ಹೋಗಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಪಕ್ಕದಲ್ಲೇ ಕೂತು ಕಸಬರಿಗೆ ಕಟ್ಟುತ್ತಿದ್ದ. ಒಂದು ದಿನ ನಾನು ಅತ್ತ ಹೋದಾಗ ಎದ್ದು ಬಂದು, “ನಿಮ್ಮ ಅಂಗಡಿಗೆ ಇರಲಿ ತಗೋರಿ,” ಎಂದು ಒಂದು ಕಸಬರಿಗೆ ಕೊಟ್ಟ. ಹುಚ್ಚು ಪ್ರೀತಿ ಅಂದುಕೊಂಡು ತಂದೆ.

ಇತ್ತ ನೀಲವ್ವನ ಮನೆಯ ನಡುಮನೆಯಲ್ಲಿ ದಾಕ್ಷಿಯ ಫೋಟೋ ತೂಗಿತು. ಅದನ್ನೂ ನಾನೇ ಮಾಡಿಕೊಟ್ಟದ್ದು, ಚಹರೆ ಕಟ್ಟಿದ ಮುಖವನ್ನೇ ದೊಡ್ಡದು ಮಾಡಿ. ಸೋಮವಾರಕ್ಕೊಮ್ಮೆ ನೀಲವ್ವ ಗೋರಿಗೆ ಹೋಗಿ ಶೇಂಗಾ ಹೋಳಿಗೆ ಎಡೆ ಇಟ್ಟು ಬರುತ್ತಿದ್ದಳು, ದಾಕ್ಷಿಗೆ ಅದು ಪ್ರಾಣ. ಮೊದಲ ಇಪ್ಪತ್ತು ದಿನ ಅನ್ನ ಮುಟ್ಟದಿದ್ದವಳು ನಿಧಾನಕ್ಕೆ ತುತ್ತು ತಿನ್ನತೊಡಗಿದಳು. “ಮಾರಿ ನೋಡಿ ಮಣ್ಣ ಕೊಟ್ಟೆನಲ್ಲಣ್ಣಾ,” ಅನ್ನುತ್ತಿದ್ದಳು. “ಅಷ್ಟರ ಸಿಕ್ತಲ್ಲ. ಆ ಮುದುಕಗ ಅದೂ ಇಲ್ಲ ನೋಡು, ಪಾಪ.” ಅವಳು ಬದುಕಿದ್ದೇ ಆ ಒಂದು ಮಾತಿನ ಮೇಲೆ.

ಏಳು ವಾರ ಕಳೆಯಿತು. ನನ್ನ ಸ್ಟುಡಿಯೋಕ್ಕೂ ಚಹರೆಯ ಒಂದು ಪ್ರತಿ ಹಾಕಿಕೊಂಡಿದ್ದೆ. ಹಳೆಯ ಹರಿದ ಫೋಟೋ ಕೂಡಿಸಲು ಒಳ್ಳೆಯದು, ಟಿಕ್ಕು ಅಲ್ಲೂ ತೆಗೆದೇ ಇತ್ತು. ಬೆಳಿಗ್ಗೆ ಒಬ್ಬ ಪೈಲ್ವಾನರ ಫೋಟೋ ಮಾಡಿ ಮುಗಿಸಿ, ಬ್ಯಾಂಕಿನ ನೌಕರರೊಬ್ಬರು ತಂದ ಅವರ ಅಜ್ಜಿಯ ಫೋಟೋ ಹಾಕಿದೆ. ಮೂಗಿನ ಕೆಳಗೆ ಗೆದ್ದಲು ತಿಂದಿತ್ತು. ಪ್ರಿಂಟು ಕೈಗೆ ಬಂದೊಡನೆ ಆತ ಬಿದ್ದು ಬಿದ್ದು ನಕ್ಕ.

“ಏನ್ರೀ ಇದು, ನಮ್ಮ ಅಜ್ಜಿಗೆ ಮೀಸಿ ಹಚ್ಚೀರಲ್ಲ!”

ಅಜ್ಜಿಯ ತುಟಿಯ ಮೇಲೆ ಪೈಲ್ವಾನರ ಹುರಿಮೀಸೆ ಕೂತಿತ್ತು. ಗೆದ್ದಲು ತಿಂದು ಬರಿದಾದ ಜಾಗವಷ್ಟೇ, ಬೇರೆಲ್ಲೂ ಇಲ್ಲ. ಆತ ನಗುತ್ತಲೇ ಇದ್ದ. ನಾನು ಕಂಪ್ಯೂಟರಿಗೆ ತಿರುಗಿ ಸೆಟ್ಟಿಂಗಿನ ಆ ಸಾಲನ್ನು ಮತ್ತೆ ತೆರೆದೆ.

ತೊಳೆಯದ ಪಾತ್ರೆಯಲ್ಲಿ ಪಾಯಸ ಮಾಡಿದಂತೆ ಆಗಿತ್ತು. ಹಳೆಯದನ್ನು ಖಾಲಿ ಮಾಡಬೇಡ ಎಂದು ನಾನೇ ಹೇಳಿದ್ದೆ. ಎಲುಬು ಇದ್ದ ಕಡೆ ಚಹರೆ ತನ್ನ ಕೆಲಸ ತಾನು ಮಾಡಿತ್ತು. ಎಲುಬು ಸಿಗದ ಕಡೆ, ಬೂದು ಬಣ್ಣ ಬಿಡಬೇಕಾದ ಕಡೆ, ಅದೇ ಜಾಗದಲ್ಲಿ ಮೊದಲೇ ಕೂತಿದ್ದ ಚಿತ್ರ ಹಾಗೇ ಕಾಣಿಸಿತ್ತು. ಆಸ್ಪತ್ರೆಯಲ್ಲಿ ಅಲ್ಲಿ ಕೂತಿದ್ದದ್ದು ಯಾವುದು? ನಾನು ಪ್ರತಿ ಸಲ ಮೊದಲು ತೆರೆದ, ಮನೆಯವರು ತಂದ ಫೋಟೋ! ಕೈಪಿಡಿಯಂತೆ ಕಡೆಯಲ್ಲಿ ತೆರೆದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ. ಐದೂ ಮನೆಯವರಿಗೆ ನಾನು ತೋರಿಸಿದ್ದು ಅವರೇ ತಂದ ಮುಖವನ್ನು. ಗುರುತು ಹಿಡಿಯದೆ ಇರುತ್ತಾರೆಯೇ?

ಅಂಗಡಿಗೆ ಬೀಗ ಹಾಕಿ ನೇರ ಮೇಡಂ ಹತ್ತಿರ ಹೋದೆ. ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಟಿಕ್ ಹಾಕ್ರಿ,” ಅಂದರು. “ಪ್ರತಿಯೊಂದಕ್ಕೂ ಮಷೀನ್ ಬಂದ್ ಮಾಡಿ ಚಾಲೂ ಮಾಡ್ರಿ. ಯಾವ ಫೋಟೋನೂ ತೆರೀಬ್ಯಾಡ್ರಿ.”

ಆರೂ ಸ್ಕ್ಯಾನುಗಳನ್ನು ಮತ್ತೆ ಓಡಿಸಿದೆವು. ಗಂಡಸರಲ್ಲಿ ಎರಡು ಅದಲುಬದಲಾಗಿದ್ದವು. ಮೇಡಂ ಆ ಎರಡು ನಂಬರುಗಳನ್ನು ಬರೆದುಕೊಂಡು, ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು.

ಐದನೆಯದು ಬಂತು. ಅರ್ಧ ಮುಖ ಬೂದು ತೇಪೆ, ಕೆನ್ನೆಯಿಲ್ಲ, ಗದ್ದವಿಲ್ಲ. ಉಳಿದ ಅರ್ಧದಲ್ಲಿ ಅಗಲ ಹಣೆ, ಎಡ ಹುಬ್ಬಿನ ಮೇಲೆ ಒಂದು ತಗ್ಗು. ನಾನು ಅರಿಯದೆಯೇ ಪರದೆಯ ಮೇಲೆ ಬೆರಳಿಟ್ಟೆ. ಕೂತಿತು.

ಆರನೆಯದು ಬಂತು. ಅದರ ದವಡೆ ಪೂರ್ತಿ ಇತ್ತು. ಮೇಡಂ ಮೌಸು ಹಿಡಿದು ತುಟಿಯನ್ನು ಸರಿಸಿ ಎಲುಬನ್ನು ತೋರಿಸಿದರು. ಒಂದು ಹಲ್ಲಿನ ಮೇಲೊಂದು ಹಲ್ಲು.

ಆ ದಿನವೇ ಆರನೆಯದರ ಹಲ್ಲನ್ನು ಯಾಕೆ ನೋಡಲಿಲ್ಲ ಎಂದು ಮೇಡಂ ತಮ್ಮನ್ನೇ ಕೇಳಿಕೊಂಡರು. ಯಾರು ನೋಡುತ್ತಾರೆ? ದಾಕ್ಷಿ ಆಗಲೇ ಸಿಕ್ಕಿದ್ದಳಲ್ಲ, ತಾಯಿಯೇ ಸಹಿ ಹಾಕಿದ್ದಳಲ್ಲ.

ದುರ್ಗಪ್ಪ ಮೆಟ್ಟಿಲ ಪಕ್ಕದಲ್ಲೇ ಇದ್ದ. ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಪ್ರಿಂಟು ಕೊಟ್ಟೆ. ಅವನು ಹುಬ್ಬಿನ ತಗ್ಗಿಗೆ ಬೆರಳಿಟ್ಟು, “ಇಲ್ಲೇರಿ. ಇಲ್ಲೆ ಬಿದ್ದಿದ್ಳು,” ಅಂದ. ಆಮೇಲೆ ಕೇಳಿದ, “ಎಲ್ಲಿ ಅದಾಳ್ರಿ?”

“ನಮ್ಮ ರುದ್ರಭೂಮಿಯಾಗ. ನನ್ನ ತಂಗಿ ಮಗಳು ಅಂತ... ನಾವ ಮಣ್ಣ ಕೊಟ್ವಿ. ತಪ್ಪಾತು ದುರ್ಗಪ್ಪಾ.”

“ಎಡಿ ಇಟ್ಟಾರೇನ್ರಿ?”

“ಪ್ರತಿ ಸೋಮವಾರ ಇಟ್ಟಾಳ ನನ್ನ ತಂಗಿ. ಶೇಂಗಾ ಹೋಳಿಗಿ.”

ಅವನು ತಲೆಯಾಡಿಸಿದ. “ಉಪಾಸ ಇಟ್ಟಿಲ್ಲ ಹಂಗಾರ,” ಎಂದು ಹೇಳಿ, ಗರಿಯ ರಾಶಿಯ ಮೇಲೆ ಮುಖ ಇಟ್ಟು ಅತ್ತ. ಏಳು ವಾರದಲ್ಲಿ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೇಳಿದೆ, “ಇದು ಕಚ್ಚಾ ಪ್ರಿಂಟು. ಅರ್ಧ ಮಾರಿ ಇಲ್ಲ, ಕಣ್ಣೂ ಮುಚ್ಚ್ಯಾವ. ನಾ ಚಂದಾಗಿ ಮಾಡಿ ಕೊಡ್ತೀನಿ.”

ದುರ್ಗಪ್ಪ ಕಾಗದವನ್ನು ಎದೆಗೆ ಒತ್ತಿಕೊಂಡ. “ಬ್ಯಾಡ್ರೀ ಯಪ್ಪಾ. ಹಂಗ ಇರ್ಲಿ. ಏನೂ ತಿದ್ದಬ್ಯಾಡ್ರಿ.”

ಅಲ್ಲಿಂದ ನೀಲವ್ವನ ಮನೆಗೆ ನಡೆದೇ ಹೋದೆ. ಅವಳು ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು, ನಾಳೆ ಸೋಮವಾರ. ಟಿಕ್ಕು, ಮೆಮೊರಿ, ಎಲ್ಲ ಬಿಟ್ಟು ಒಂದೇ ಮಾತು ಹೇಳಿದೆ, ನಾವು ಮಣ್ಣು ಕೊಟ್ಟದ್ದು ದಾಕ್ಷಿಗಲ್ಲ.

ಅವಳ ಮುಖ ಅರಳಿತು. ದೇವರೇ, ಅದನ್ನು ನಾನು ಹೇಗೆ ಮರೆಯಲಿ! ಮೊರ ಪಕ್ಕಕ್ಕಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು. “ಹಂಗಾರ ಆಕಿ ಅದಾಳ? ಜೀವಂತ ಅದಾಳಣ್ಣಾ?”

“ಇಲ್ಲವಾ. ಆರನೇ ನಂಬರ. ನಗರಸಭೆಯವರು ಹೂಳಿದ್ರಲ್ಲ, ಅದು.”

ಕೈ ಬಿಟ್ಟಳು. ಗೋಡೆಯ ಮೇಲಿನ ಫೋಟೋವನ್ನು ನೋಡಿದಳು. ದಾಕ್ಷಿಯ ಕೆನ್ನೆ, ಹುಲಿಗೆವ್ವನ ಹಣೆ, ನನ್ನ ಬ್ರಷ್ಷು, ಮೂರೂ ಸೇರಿದ ಆ ಮುಖ ಲೋಕದಲ್ಲಿ ಯಾರದೂ ಅಲ್ಲ. ಎದ್ದು ಹೋಗಿ ಅದರ ಮಾಲೆ ತೆಗೆದಳು, ಫೋಟೋವನ್ನು ಗೋಡೆಯ ಕಡೆ ಮುಖ ಮಾಡಿ ಕೆಳಗಿಟ್ಟಳು. ಇಷ್ಟು ದಿನ ಒಂದು ಹೂವೂ ಕಾಣದೆ ಬೋರ್ಡಿನ ಕೆಳಗೆ ಮಲಗಿದ್ದವಳು ತನ್ನ ಮಗಳು ಎಂಬುದು ಅವಳಿಗೆ ಈಗ ಅರ್ಥವಾಗಿತ್ತು.

“ಅಣ್ಣಾ,” ಅಂದಳು, ನನ್ನ ಕಡೆ ತಿರುಗದೆ. “ಆ ಮುದುಕಗ ತೋರ್ಸೂಕಿಂತ ಮೊದ್ಲ ಆರನೇದ್ದನ್ನ ನೀ ನೋಡಿದ್ದಿಲ್ಲ?”

“ನೋಡಿದ್ದೆ.”

“ನಮ್ಮ ದಾಕ್ಷಿ ಹಂಗ ಕಂಡಿದ್ದಿಲ್ಲೇನು?”

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿಯನ್ನೂ ತೆರೆದೆ.

“ಕಂಡಿದ್ಳು,” ಅಂದೆ.

“ಆಮ್ಯಾಲ ಏನ ಮಾಡ್ದಿ?”

“ತಿದ್ದಿದೆ.”

ನೀಲವ್ವ ಸೆರಗಿಗೆ ಕೈ ಒರೆಸಿಕೊಂಡಳು. ಹಸನು ಮಾಡಿದ ಶೇಂಗಾ ಅಷ್ಟನ್ನೂ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ, ನಗರಸಭೆಯ ಮಸಣದ ಕಡೆ ಹೊರಟಳು. ನಾನೂ ಎದ್ದೆ. ಅವಳು ಹೊಸ್ತಿಲಲ್ಲಿ ನಿಂತು, ನೀನು ಬರಬೇಡ ಅಂದಳು.